ಎಸ್ ಆದಮೇಲೆ ಕಪ್ಪೆಮರಿ

ಮಂಗಳವಾರ, 9 ಅಕ್ಟೋಬರ್ 1979
ಗಂಗಾವತಿ

ಸೊಕ್ಕಿನಿಂದ ಬಿಟ್ಟದ್ದಲ್ಲ. ಕಣ್ಣು ಹೋಗಿಲ್ಲ, ಕುಡಿದೂ ಇರಲಿಲ್ಲ. ಬೋರ್ಡು ಬರೆಯುವ ಅಂಗಡಿಯಲ್ಲಿ ಬಾಯಿ ತೆರೆದರೆ ಎದುರುತ್ತರ ಆಗುತ್ತದೆ, ಅದಕ್ಕೆ ಇಲ್ಲಿ ಹೇಳುತ್ತೇನೆ. ಕುಷ್ಟಗಿಯ ಹಾಸ್ಟೆಲ್ ವಾರ್ಡನ್ ಕೊಟ್ಟ ಚೀಟಿಯಲ್ಲಿ BOYS ಎಂದಿತ್ತು. ಎಸ್ಸಿನ ತಲೆಯ ಪಕ್ಕ ಒಂದು ಕರಿ ಚುಕ್ಕೆ. ಪೆನ್ನಿನ ಶಾಯಿ ಸಿಡಿದಿದೆ ಅಂದುಕೊಂಡು ಬಿಟ್ಟೆ. ಅದೇ ಚೀಟಿಯ ಮೇಲೆ ಚಹಾದ ಕಲೆಯೂ ಇತ್ತು. ಅದನ್ನೂ ಬೋರ್ಡಿನ ಮೇಲೆ ಬರೆಯಬೇಕಿತ್ತೇನು?

ಉಸ್ತಾದ್ ಕಾಸೀಮಸಾಬರು ಎಷ್ಟು ಬೈದರೂ ನಡೆಯುತ್ತದೆ. ಕುಂಚ ಹಿಡಿಯಲು ಕಲಿಸಿದವರು ಅವರು. ಆದರೆ ಬಸ್ಸಿನ ಮೇಲೆ ಬೋರ್ಡು ಹೇರಿಕೊಂಡು ಬಂದ ಆ ವಾರ್ಡನ್, ಗಿರಾಕಿಗಳ ಎದುರು, ನಾನು ಏಳನೆಯದಕ್ಕೇ ಸಾಲೆ ಬಿಟ್ಟದ್ದನ್ನು ಕೇಳಿ ತಿಳಿದುಕೊಂಡು, ನಕ್ಕ. ನಕ್ಕು ಏನಂದ ಎಂಬುದನ್ನು ಬರೆದು ಈ ಪುಟ ಹೊಲಸು ಮಾಡುವುದಿಲ್ಲ. ಸಾಲೆ ಬಿಟ್ಟದ್ದು ಮಾಸ್ತರನ ಕೈಯಲ್ಲಿನ ಬಡಿಗೆ ಕಸಿದುಕೊಂಡದ್ದಕ್ಕೆ. ಓದಲು ಬಾರದ್ದಕ್ಕಲ್ಲ.

ನಾಳೆ ಆ ಚುಕ್ಕೆ ಹಾಕಬೇಕಂತೆ. ಹಾಕುತ್ತೇನೆ. ಅದು ಏನು ಅಂತ ಮಾತ್ರ ಯಾರೂ ಹೇಳಲಿಲ್ಲ.

ಗುರುವಾರ, 11 ಅಕ್ಟೋಬರ್

ಚುಕ್ಕೆ ಅಲ್ಲ ಅದು. ಉಸ್ತಾದರು ಬಳಪದಲ್ಲಿ ಬರೆದು ತೋರಿಸಿದರು. ಮೇಲೆ ಗುಂಡನೆಯ ತಲೆ, ಕೆಳಗೆ ಎಡಕ್ಕೆ ಬಾಗಿದ ಬಾಲ. ಕಾಲುವೆಯ ನೀರು ನಿಂತಲ್ಲಿ ಕಪ್ಪೆಮರಿಗಳು ಹೀಗೇ ಬಾಲ ಅಲ್ಲಾಡಿಸುತ್ತವೆ. ಕಿನ್ನಾಳದಿಂದ ತಂದ ಸಣ್ಣ ಕುಂಚದಲ್ಲಿ ಒಂದೇ ಎಳೆತಕ್ಕೆ ಬರೆದೆ. ಚೆನ್ನಾಗಿ ಬಂತು.

"ಉಸ್ತಾದ್, ಇದು ಏನ್ ಮಾಡತೈತ್ರಿ ಇಲ್ಲಿ?" ಎಂದು ಕೇಳಿದೆ.

"ನನಗೇನ್ ಗೊತ್ತಲೇ. ನಮ್ಮ ಉಸ್ತಾದ ಹಾಕ್ತಿದ್ದ, ನಾ ಹಾಕ್ತೀನಿ. ನೀ ಹಾಕು."

"ಹಾಕಲಿಕ್ಕಂದ್ರ ಏನಾಕ್ಕೈತಿ?"

"ಏನಾತು ಅಂತ ನಿನಗ ಗೊತ್ತಿಲ್ಲೇನು? ಬೋರ್ಡ್ ವಾಪಸ್ ಬಂತು."

ಇದು ಉತ್ತರವಲ್ಲ. ಇಷ್ಟು ವರ್ಷ ಬರೆದವರಿಗೂ ಗೊತ್ತಿಲ್ಲದ್ದಕ್ಕೆ ನನ್ನನ್ನು ಬೈದರು. ಸಿಟ್ಟು ಬಂತು. ಆಮೇಲೆ ಸಿಟ್ಟಿಗಿಂತ ಹೆಚ್ಚು ತುರಿಕೆ ಹತ್ತಿತು.

ಭಾನುವಾರ, 14 ಅಕ್ಟೋಬರ್

ಊರೆಲ್ಲ ತಿರುಗಿದೆ. ಇಷ್ಟು ದಿನ ಅಕ್ಷರದ ದಪ್ಪ, ನೆರಳು, ಬಣ್ಣ ನೋಡುತ್ತಿದ್ದೆ. ಇವತ್ತು ಕಪ್ಪೆಮರಿ ಹುಡುಕಿದೆ. ಹೆಂಗಸರ ಬಟ್ಟೆ ಹೊಲಿಯುವವನ ಬೋರ್ಡಿನಲ್ಲಿ LADIES TAILOR, ಮರಿ ಇಲ್ಲ. ಒಂದು ಔಷಧಿ ಅಂಗಡಿಯ ಗಾಜಿನ ಮೇಲೆ DOCTOR'S ಎಂದಿದೆ, ಮರಿ ಎಸ್ಸಿನ ಈಚೆ. ಸಾಹೇಬರು ಇಸ್ಪೀಟು ಆಡುವ ಕ್ಲಬ್ಬಿನ ಬಾಗಿಲಲ್ಲಿ OFFICERS', ಮರಿ ಎಸ್ಸಿನ ಆಚೆ. ಒಂದು ಕಡೆ ಈಚೆ, ಒಂದು ಕಡೆ ಆಚೆ, ಒಂದು ಕಡೆ ಇಲ್ಲವೇ ಇಲ್ಲ. ಬರೆದವನು ಜಾಗ ಇದ್ದಲ್ಲಿ ತುರುಕಿದನೋ, ಇದಕ್ಕೂ ಒಂದು ಕಾನೂನು ಇದೆಯೋ?

ಟೇಲರನನ್ನು ಕೇಳಿದೆ. "ಗುಂಡಿ ಕಿತ್ತೈತಿ ಅಂದ್ರ ಹಚ್ಚಿಕೊಡ್ತೀನಿ, ಇದನ್ನ ನನ್ನ ಕೇಳಬ್ಯಾಡಪ್ಪ" ಅಂದ.

ಮನೆಗೆ ಬಂದಾಗ ಯಮನೂರಕ್ಕ ಕೂಸಿನ ಎದೆಗೆ ಬೆಚ್ಚನೆಯ ಎಣ್ಣೆ ತಿಕ್ಕುತ್ತಿದ್ದಳು. ಅವಳು ನನ್ನ ಸ್ವಂತ ಅಕ್ಕ. ಗಂಡ ಲಾರಿಯ ಮೇಲೆ ಹೋದರೆ ಬೇಗ ಬರುವುದಿಲ್ಲ, ಅದಕ್ಕೆ ಕುಬೇರಪ್ಪನವರ ಅಕ್ಕಿ ಗಿರಣಿಗೆ ದುಡಿಯಲು ಹೋಗುತ್ತಾಳೆ. ಬೇಯಿಸಿದ ಭತ್ತವನ್ನು ಕಣದಲ್ಲಿ ಹರವಿ ಕಾಲಿನಿಂದ ಕೆದರುವ ಕೆಲಸ. ಕೂಸನ್ನು ಚೀಲದ ಒಟ್ಟಿಲ ಮರೆಯಲ್ಲಿ ಮಲಗಿಸುತ್ತಾಳೆ. ಅಲ್ಲಿ ಹೊಟ್ಟಿನ ಧೂಳು. ಕೆಮ್ಮು ನಿಲ್ಲುತ್ತಿಲ್ಲ.

"ಎಲ್ಲಿ ಹೋಗಿದ್ದಿ?" ಎಂದು ಕೇಳಿದಳು.

"ಬೋರ್ಡ್ ನೋಡಾಕ."

"ದಿನಾ ಬೋರ್ಡಿನ್ಯಾಗ ಇರ್ತಿ, ರಜಾ ದಿನಾನೂ ಬೋರ್ಡೇನು?" ಎಂದು ನಕ್ಕಳು.

ಬುಧವಾರ, 17 ಅಕ್ಟೋಬರ್

ಗೊತ್ತಾಯಿತು.

ಹೆಣ್ಣುಮಕ್ಕಳ ಸಾಲೆಯ ಶಿವಬಸಮ್ಮ ಟೀಚರು ಬೋರ್ಡು ಬರೆಸಲು ಬಂದಿದ್ದರು. ಚೀಟಿಯಲ್ಲಿ GIRLS' ಎಂದಿತ್ತು. ಕೇಳಲೋ ಬೇಡವೋ ಎಂದು ಹಲ್ಲು ಕಚ್ಚಿದೆ. ಸಾಲೆಯವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಕೇಳಿದೆ. ಅವರು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಕುಂಚದ ಡಬ್ಬಿ ಎತ್ತಿಕೊಂಡರು.

"ಇದು ಯಾರ್ದಪ್ಪ?"

"ನಂದ್ರಿ. ಮಾರೆಪ್ಪಂದು."

"ಈ ಅಂಗಡ್ಯಾಗ ಇನ್ನೂ ನಾಕು ಹುಡುಗ್ರು ಇದ್ದು, ಎಲ್ಲಾರೂ ಇದರಾಗ ಕುಂಚ ಇಟ್ರ?"

"ಇಡಾಕ ಬಿಡಂಗಿಲ್ರಿ."

"ಇಟ್ರು ಅಂತ ತಿಳಕೋ ಮಾರಾಯ."

"ಹಂಗಾರ ಹುಡುಗ್ರದು."

"ನೋಡು, ಹುಡುಗಂದು, ಹುಡುಗ್ರದು. ಕನ್ನಡದಾಗ ನಿನ್ನ ಬಾಯೇ ಹೇಳಿಬಿಡ್ತು, ಒಬ್ಬಂದೋ ಭಾಳ ಮಂದೀದೋ ಅಂತ. ಇಂಗ್ಲೀಷಿನ್ಯಾಗ ಬಾಯಿ ಹೇಳಂಗಿಲ್ಲ. ಎರಡೂ ಬಾಯ್ಸ್ ಅಂತಾನ ಕೇಳಿಸ್ತಾವ. ಅದಕ್ಕ ಗುರುತು ಬೇಕು. ಒಬ್ಬ ಹುಡುಗಂದಾದ್ರ ಎಸ್ಸಿಗಿಂತ ಮೊದ್ಲ ಹಾಕ್ತಾರ. ಮಂದಿ ಸೇರಿ ಎಸ್ ಬಂದಿದ್ರ, ಎಸ್ ಆದಮ್ಯಾಲ ಹಾಕ್ತಾರ."

ಗುರುತಿಗೆ ಒಂದು ಹೆಸರೂ ಹೇಳಿದರು, ನನ್ನ ನಾಲಿಗೆಗೆ ಸಿಗಲಿಲ್ಲ. ನನಗೆ ಕಪ್ಪೆಮರಿಯೇ ಸಾಕು.

ಎಂಥ ಭಾಷೆ ಇದು. ಕಿವಿಗೆ ಒಂದೇ, ಕಣ್ಣಿಗೆ ಬೇರೆ. ಕುರುಡನಿಗೆ ಆ ಹಾಸ್ಟೆಲ್ ಒಬ್ಬ ಹುಡುಗನದೋ ಎಲ್ಲರದೋ ಎಂದು ಗೊತ್ತಾಗುವುದೇ ಇಲ್ಲ. ನಾನು ಮರಿ ಬಿಟ್ಟಾಗ ಹಾಸ್ಟೆಲ್ ಯಾರದೂ ಅಲ್ಲದ್ದಾಗಿ ಹೋಗಿತ್ತು. ವಾರ್ಡನ್ ಇಷ್ಟು ಹೇಳಿದ್ದರೆ ಸಾಕಿತ್ತು. ಅವನಿಗೂ ಗೊತ್ತಿತ್ತೋ ಇಲ್ಲವೋ.

ಶನಿವಾರ, 20 ಅಕ್ಟೋಬರ್

ಕುಂಚ ತೊಳೆಯುತ್ತ ಹೊಳೆಯಿತು. ಊರಲ್ಲಿ, ಯಲಬುರ್ಗಿ ಕಡೆಯ ನಮ್ಮ ಮಂಗಳೂರಿನಲ್ಲಿ, ಅಪ್ಪ ಮತ್ತು ಕಾಕಾ ಬಡಿದಾಡಿ ತಲೆ ಒಡೆದುಕೊಂಡದ್ದೂ ಈ ಮರಿಗಾಗಿಯೇ. ಹೊಲ ಅಣ್ಣನದೋ, ಅಣ್ಣತಮ್ಮಂದಿರದೋ? ಎಸ್ಸಿನ ಈಚೆಯೋ ಆಚೆಯೋ? ಅಷ್ಟೇ ಜಗಳ. ಆಚೆ ಹಾಕಿದ್ದರೆ ಇಬ್ಬರೂ ಉಳುತ್ತಿದ್ದರು. ನಾನು ಗಂಗಾವತಿಗೆ ಬರುತ್ತಲೇ ಇರಲಿಲ್ಲ.

ಮಂಗಳವಾರ, 23 ಅಕ್ಟೋಬರ್

ಬಣ್ಣ ತರಲು ಕೊಪ್ಪಳಕ್ಕೆ ಹೋಗಿದ್ದೆ. ಒಂದು ಗೋಡೆಯ ಮೇಲೆ WOMEN'S ಎಂದು ಬರೆದಿತ್ತು. ಮರಿ ಎಸ್ಸಿನ ಈಚೆ. ಬಹಳ ಮಂದಿ ಹೆಂಗಸರಲ್ಲವೇ? ಆಚೆ ಇರಬೇಕಲ್ಲ? ಬಸ್ಸಿಳಿದವನು ಬಣ್ಣದ ಡಬ್ಬಿ ಸಮೇತ ಸೀದಾ ಟೀಚರ ಮನೆಗೆ ಹೋದೆ.

"ಅಕ್ಕೋರ, ನೀವು ನನಗ ಅರ್ಧ ಹೇಳೀರಿ," ಅಂದೆ. ಬಾಗಿಲಲ್ಲಿ ನಿಂತೇ ಅಂದೆ, ಜೋರಾಗಿಯೇ ಅಂದೆ.

"ಒಳಗ ಬಾ. ಮೊದ್ಲ ನೀರು ಕುಡಿ. ಆಮ್ಯಾಲ ಬೈಯಿ."

ಕುಡಿದೆ. ಅವರು ಹೇಳಿದರು: ಹುಡುಗರು ಬಹಳ ಆಗಬೇಕಾದರೆ ಎಸ್ ಬಾಲ ಹಚ್ಚಿಕೊಳ್ಳಬೇಕು. WOMEN ಹಾಗಲ್ಲ. ಆ ಮಾತಿನಲ್ಲಿ ಎಸ್ ಇಲ್ಲದೆಯೇ ಬಹಳ ಹೆಂಗಸರಿದ್ದಾರೆ. "ಅವ್ರು ಆಗ್ಲೇ ಬಂದು ಕುಂತಾರ. ಎಸ್ ಹೊಸದಾಗಿ ಬರೂದು, ಅದಕ್ಕ ಗುರುತು ಮೊದ್ಲ, ಎಸ್ ಆಮ್ಯಾಲ. ಮಕ್ಕಳಿಗೂ ಹಿಂಗ, CHILDREN'S."

"ಇಂಥ ಇನ್ನೆಷ್ಟು ಅದಾವ್ರಿ?"

"ಭಾಳ ಇಲ್ಲ. ಹೆದರಬ್ಯಾಡ."

ಹೆದರಿಲ್ಲ ಎಂದು ಹೇಳಿ ಬಂದೆ. ಹೊರಗೆ ಬಂದಮೇಲೆ ನೆನಪಾಯಿತು, ಅವರ ಮನೆಯಲ್ಲಿ ಬೆತ್ತ ಕಾಣಲಿಲ್ಲ.

ಸೋಮವಾರ, 29 ಅಕ್ಟೋಬರ್

ಅಕ್ಕ ದುಡಿಯುವ ಗಿರಣಿಯಿಂದ ಮ್ಯಾನೇಜರ್ ಓಬಳೆಪ್ಪ ಬಂದಿದ್ದ. ರಾಯಚೂರಿನಿಂದ ಕಾರ್ಖಾನೆ ನೋಡುವ ಇನ್‌ಸ್ಪೆಕ್ಟರ್ ಬರುತ್ತಾರಂತೆ. ಒಂದು ತಗಡಿನ ಬೋರ್ಡು ಬೇಕು. ಚೀಟಿ ನೋಡಿ ನನಗೆ ಹಿಗ್ಗು. WOMEN WORKERS REST ROOM. ಹೆಂಗಸರು ಅದರಲ್ಲೇ ಇದ್ದಾರೆ, ಆಳುಗಳೂ ಬಹಳ. ಮರಿ ಎಲ್ಲಿ ಕೂರಬೇಕು ಎಂದು ಚೀಟಿ ಬರೆದವನಿಗೆ ಗೊತ್ತಿಲ್ಲ, ನನಗೆ ಗೊತ್ತು. WORKERS ಎಸ್ಸಿನ ಆಚೆ ಕೂರಿಸಿದೆ. ದಪ್ಪಗೆ, ಕೆಂಪಗೆ.

ಓಬಳೆಪ್ಪ ಇನ್ನೊಂದು ಮಾತು ಹೇಳಿದ. "ಹಿಂದಿನ ಮೈಯಾಗ ಕನ್ನಡದಾಗ ಖಾಲಿ ಚೀಲದ ಕೋಣೆ ಅಂತ ಬರೀರಿ. ಮೊಳಿ ಹೊಡ್ಯೂದು ಬ್ಯಾಡ, ಮ್ಯಾಲ ಎರಡು ಕೊಕ್ಕಿ ಹಾಕ್ರಿ. ತೂಗು ಹಾಕ್ತೀವಿ."

"ಒಂದ ತಗಡಿನ್ಯಾಗ ಎರಡು ಬೋರ್ಡ್. ಸಾವ್ಕಾರ್ರು ಸಾವ್ಕಾರ್ರ," ಎಂದು ಉಸ್ತಾದರು ನಕ್ಕರು.

ಹಿಂದಿನ ಬರಹ ಒಣಗಲು ತಡವಾಯಿತು, ಬಿಸಿಲಿಗೆ ಇಟ್ಟೆ. ಮುಂದಿನ ಮೈಯನ್ನು ಟೀಚರಿಗೆ ತೋರಿಸಬೇಕು ಅನ್ನಿಸಿತು. ಒಯ್ಯಲಾಗಲಿಲ್ಲ.

ಮಂಗಳವಾರ, 6 ನವೆಂಬರ್

ಸಂಜೆ ಅಕ್ಕ ಬಂದವಳೇ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ನಗುತ್ತಿದ್ದಳು.

"ಇವತ್ತ ನಾವು ರಾಣ್ಯಾರಂಗ ಕುಂತಿದ್ವಿ ನೋಡು. ಮುಂಜಾನೆ ಬಂದ ಕೂಡ್ಲೆ ಓಬಳೆಪ್ಪ ಆ ಚೀಲದ ಕೋಣಿ ಖಾಲಿ ಮಾಡಿಸಿದ. ಎಲ್ಲಾ ಚೀಲಾ ನಾವ ಹೊತ್ತು ಹೊರಗ ಹಾಕಿದ್ವಿ. ಕಸಾ ಹೊಡದ್ವಿ. ಚಾಪಿ ಹಾಸ್ಯಾರ, ಕೊಡಾ ತುಂಬಿ ಇಟ್ಟಾರ. ಕುಂಡ್ರ್ರಿ ಅಂದ. ಸಾಹೇಬ ಬಂದ, ಬಾಗ್ಲಾಗಿಂದ ನೋಡಿದ, ಹೋದ. ಅಲ್ಲೀತನಕಾ ಕೂಸು ಒಮ್ಮಿನೂ ಕೆಮ್ಮಲಿಲ್ಲ, ಮಾರೆಪ್ಪ. ತಂಪನ್ನ ಗ್ವಾಡಿ, ಧೂಳಿಲ್ಲ. ನಿದ್ದಿ ಹತ್ತಿತ್ತು ಅದಕ್ಕ."

"ಆಮ್ಯಾಲ?"

"ಆಮ್ಯಾಲ ಏನು, ಸಾಹೇಬ್ನ ಜೀಪು ದಾಟಿದ ಮ್ಯಾಲ ಮತ್ತ ಚೀಲಾ ಹೊತ್ತು ಒಳಗ ಹಾಕಿದ್ವಿ. ಬೋರ್ಡ್ ಸೈತ ತಿರುವಿ ಹಾಕ್ಯಾರ." ಸೆರಗು ಕೊಡವುತ್ತ ಕೇಳಿದಳು, "ಅದು ನಿನ್ನ ಕೈ ಬರಹ ಅಂದ್ಲು ನಮ್ಮ ಜೋಡಿ ಕಣದಾಗ ದುಡ್ಯೂ ಫಾತಿಮಾಬೀ. ಆ ಕಡೀಗೆ ಏನ್ ಬರದಿದ್ದಿ ಇಂಗ್ಲೀಷಿನ್ಯಾಗ?"

ಹೇಳಿದೆ. ಆ ಕೋಣೆ ಗಿರಣಿಯಲ್ಲಿ ದುಡಿಯುವ ಹೆಂಗಸರದು, ದಣಿವಾರಿಸಿಕೊಳ್ಳಲು ಎಂದು ಬರೆದಿದೆ ಅಂದೆ.

ಅಕ್ಕ ನಗುವುದನ್ನು ನಿಲ್ಲಿಸಿದಳು. ಒಲೆಯ ಮುಂದೆ ಕೂತು ಕಟ್ಟಿಗೆ ಮುರಿದಳು.

"ನಿನಗ ಬರ್ಯಾಕ ಹೇಳಿದ್ರು," ಅಂದಳು. "ಓದಿ ಹೇಳಾಕ ಯಾರಿಗೂ ಹೇಳಲಿಲ್ಲ."

ಗುರುವಾರ, 8 ನವೆಂಬರ್

ಕೂಸಿಗೆ ಜ್ವರ. ಅಕ್ಕ ಕೂಸನ್ನು ಕಟ್ಟಿಕೊಂಡೇ ಗಿರಣಿಗೆ ಹೋದಳು. ಏನೂ ಬರೆಯುವುದಿಲ್ಲ.

ಶನಿವಾರ, 10 ನವೆಂಬರ್

ಶಿವಬಸಮ್ಮ ಟೀಚರು ರಸ್ತೆಯಲ್ಲಿ ಸಿಕ್ಕರು. "ಏನಪ್ಪ, ಹೊಸಾವು ಸಿಕ್ಕಾವೇನು?" ಎಂದು ಕೇಳಿದರು. ಗಿರಣಿಯ ಬೋರ್ಡಿನ ಸುದ್ದಿ ಎಲ್ಲ ಹೇಳಿದೆ. ಜೋರು ಮಾಡದೆ ಹೇಳಿದೆ, ಯಾಕೋ ಗೊತ್ತಿಲ್ಲ.

"ಗುರುತು ಸರಿ ಹಾಕಿದ್ದೇನು?" ಅಂದರು.

"ಸರಿ ಹಾಕೀನ್ರಿ. ಎಸ್ ಆದಮ್ಯಾಲ."

"ಹಂಗಾರ ಬೋರ್ಡಿನ ತಪ್ಪಿಲ್ಲ," ಎಂದರು. ಆಮೇಲೆ, "ಆ ಕೋಣಿ ಕೊಡಬೇಕಂತ ಕಾನೂನೈತಿ, ಮಾರೆಪ್ಪ. ಇನ್‌ಸ್ಪೆಕ್ಟರ್ ಪುಕ್ಕಟಿ ಬಂದಿಲ್ಲ ಅಲ್ಲಿ," ಅಂದರು.

ಇದು ಗೊತ್ತಿರಲಿಲ್ಲ. ಮಾಲಕ ದಯೆಯಿಂದ ಕೊಟ್ಟು ಕಸಿದುಕೊಂಡ ಅಂದುಕೊಂಡಿದ್ದೆ. ಕಾನೂನೇ ಇದ್ದರೆ ಅವನು ಕೊಡುವುದೇನು, ಬಿಡುವುದೇನು? ಈ ಮಾತು ದಿನವೆಲ್ಲ ತಲೆಯಲ್ಲಿ ತಿರುಗಿತು.

ಮಂಗಳವಾರ, 13 ನವೆಂಬರ್

ಹೊಸ ಭತ್ತ ಬರುವ ಮೊದಲು ಗಿರಣಿಗಳಲ್ಲಿ ಗೋಡೆ ಬರೆಸುತ್ತಾರೆ. ಇವತ್ತು ಕುಬೇರಪ್ಪನವರ ಗಿರಣಿಯ ಸರದಿ. ಇಂಜಿನ್ ಕೋಣೆಯ ಮೇಲೆ ಬೀಡಿ ಸೇದಬಾರದು ಎಂದು ಬರೆಯಲು ಉಸ್ತಾದರು ನನ್ನೊಬ್ಬನನ್ನೇ ಕಳಿಸಿದ್ದರು. ಅದನ್ನು ಬರೆದು ಮುಗಿಸಿದೆ. ಏಣಿ ಎತ್ತಿಕೊಂಡು ಚೀಲದ ಕೋಣೆಯ ಬಾಗಿಲಿಗೆ ಹೋದೆ. ತಗಡಿನ ಬೋರ್ಡನ್ನು ಕೊಕ್ಕೆಯಿಂದ ಬಿಡಿಸಿ ಕೆಳಗಿಟ್ಟೆ.

ತಗಡು ತಿರುಗುತ್ತದೆ. ಗೋಡೆ ತಿರುಗುವುದಿಲ್ಲ.

ದಾರದಿಂದ ಗೆರೆ ಹೊಡೆದು ಕನ್ನಡದಲ್ಲಿ ದೊಡ್ಡದಾಗಿ ಬರೆದೆ: ಹೆಣ್ಣಾಳುಗಳ ವಿಶ್ರಾಂತಿ ಕೋಣೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ಅದನ್ನೇ, ಸಾಹೇಬ ಮತ್ತೆ ಬಂದರೆ ಅವನಿಗೂ ಕಾಣಲಿ ಎಂದು. ಎಣ್ಣೆ ಬಣ್ಣದಲ್ಲೇ ಬರೆದೆ. ಓಬಳೆಪ್ಪ ಊಟಕ್ಕೆ ಹೋಗಿದ್ದ.

ಕಣದಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ಅವರಲ್ಲಿ ನಾಲ್ಕನೆಯದರವರೆಗೆ ಓದಿದವಳು ಫಾತಿಮಾಬೀ ಒಬ್ಬಳೇ. ಸೆರಗಿನಿಂದ ಮುಖ ಒರೆಸಿಕೊಂಡು ಬೆರಳಿಟ್ಟು ಓದಿದಳು.

"ಹೆ... ಣ್ಣಾ... ಳು... ಗಳ. ಹೆಣ್ಣಾಳುಗಳ. ಏ, ನಮ್ಮ ಹೆಸರೈತಲ್ಲೇ ಯವ್ವಾ."

"ಮುಂದ ಓದ," ಎಂದಳು ಅಕ್ಕ.

"ವಿ... ಶ್ರಾಂ... ಇದೇನಪ್ಪ ಮಾರೆಪ್ಪ, ಬಾಯಿ ಹೊಳ್ಳವಲ್ದು."

"ವಿಶ್ರಾಂತಿ. ದಣಿವಾರಿಸ್ಕೊಳ್ಳೂದು."

"ಹಂಗಂತ ಬರೀಬೇಕಿಲ್ಲೋ. ದಣದವರಿಗೆ ಇಂಥಾ ದೊಡ್ಡ ಮಾತು ಯಾಕ?"

ಎಲ್ಲರೂ ನಕ್ಕರು. ನಗುತ್ತಲೇ ಅಕ್ಕ ಒಳಗೆ ಹೋಗಿ ಒಂದು ಕಟ್ಟು ಚೀಲ ಹೊತ್ತು ತಂದು ಬಯಲಿಗೆ ಎಸೆದಳು. ಆಮೇಲೆ ಎಲ್ಲರೂ ಹೊತ್ತು ತಂದರು. ಓಬಳೆಪ್ಪ ಬರುವಷ್ಟರಲ್ಲಿ ಜಂತಿಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿಯಾಗಿತ್ತು. ಇನ್ನೆರಡು ಕೂಸುಗಳೂ ಬಂದವು.

"ಯಾರು ಹೇಳಿದ್ರು ಚೀಲಾ ತಗ್ಯಾಕ?" ಎಂದು ಅವನು ಕೂಗಿದ.

"ಹೋದ ವಾರ ನೀವ ಹೇಳಿದ್ರಲ್ರಿ," ಎಂದಳು ಫಾತಿಮಾಬೀ. "ರೂಢಿ ಆಗೇತಿ."

ಶುಕ್ರವಾರ, 16 ನವೆಂಬರ್

ಓಬಳೆಪ್ಪ ಮೊನ್ನೆ ಆಳಿಗೆ ಹೇಳಿ ನನ್ನ ಅಕ್ಷರಗಳ ಮೇಲೆ ಸುಣ್ಣ ಬಳಿಸಿದ್ದ. ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ ಎಂದು ಕುಂಚ ಹಿಡಿದವರಿಗೆಲ್ಲ ಗೊತ್ತು, ಮ್ಯಾನೇಜರಿಗೆ ಗೊತ್ತಿಲ್ಲ. ಬಿಸಿಲಿಗೆ ಹಪ್ಪಳದಂತೆ ಎದ್ದು ಉದುರಿತಂತೆ. ಅಕ್ಷರ ಹಾಗೇ ಇವೆಯಂತೆ, ಇನ್ನೂ ಬೆಳ್ಳಗಾದ ಗೋಡೆಯ ಮೇಲೆ. ಚೀಲ ಒಳಗೆ ಹಾಕಿ ಎಂದರೆ ಹೆಂಗಸರು ಬಾಗಿಲಲ್ಲಿ ಕೂತರಂತೆ. ನಮ್ಮ ಕೋಣೆ ಎಂದು ಗೋಡೆಯೇ ಹೇಳುತ್ತದೆ, ನಾವು ಯಾಕೆ ಹೇಳಬೇಕು ಅಂದರಂತೆ.

ಕೂಸಿನ ಕೆಮ್ಮು ಇಳಿದಿದೆ. ಅಕ್ಕ ಹೇಳಿದಳು. ನಾನೂ ಕೇಳಿಸಿಕೊಳ್ಳುತ್ತಿದ್ದೇನೆ.

ಟೀಚರಿಗೆ ಇನ್ನೊಂದು ಕೇಳಬೇಕಿದೆ. ಒಂದು ವಸ್ತು ಇಬ್ಬರು ಹೆಸರುಳ್ಳವರದಾದರೆ, ಯಮನೂರಮ್ಮನದೂ ಫಾತಿಮಾಬೀಯದೂ ಆದರೆ, ಮರಿ ಇಬ್ಬರಿಗೂ ಬೇಕೋ, ಕೊನೆಯವಳಿಗೆ ಒಂದೇ ಸಾಕೋ?

ಸೋಮವಾರ, 19 ನವೆಂಬರ್

ಮುಂಜಾನೆ ಅಂಗಡಿಗೆ ಹೋದಾಗ ಓಬಳೆಪ್ಪ ಆಗಲೇ ಕುರ್ಚಿಯ ಮೇಲೆ ಕೂತಿದ್ದ. ಉಸ್ತಾದರು ನನ್ನ ಮುಖ ನೋಡಲಿಲ್ಲ. ಹಳೆಯ ಬಣ್ಣ ಕೆರೆಯುವ ಕಬ್ಬಿಣದ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು.

"ಗಿರಣಿಗೆ ಹೋಗಿ ಆ ಅಕ್ಷರ ಪೂರಾ ಕೆರದು ತಗಿ. ಮ್ಯಾಲ ಬಿಳಿ ಬಣ್ಣ ಎರಡು ಕೈ ಹೊಡಿ. ಇವ್ರ ಮುಂದ ತಪ್ಪಾತು ಅನ್ನು. ಮುಗೀತು."

"ಒಲ್ಲೆ," ಅಂದೆ.

"ಲೇ ಮಾರ್ಯಾ, ಈ ಊರಾಗ ನನ್ನ ಗಿರಾಕಿ ಯಾರು? ಗಿರಣಿಯವ್ರ. ಚೀಲದ ಮ್ಯಾಲಿನ ಹೆಸರೂ ನಾನ ಬರ್ಯೂದು. ಒಬ್ಬರು ಬ್ಯಾಡಂದ್ರ ಎಲ್ಲಾರೂ ಬ್ಯಾಡಂತಾರ. ನಿಮ್ಮ ಅಕ್ಕನ ಮ್ಯಾಲಿನ ಕಳಕಳಿ ನನಗೂ ತಿಳೀತೈತಿ. ಆದ್ರ ನಮ್ಮ ಮನಿಯಾಗೂ ಮಂದಿ ಉಣ್ಣಬೇಕಲ್ಲೋ."

"ನಮ್ಮಕ್ಕಂದೊಂದ ಅಲ್ರಿ ಅದು. ಅಲ್ಲಿ ದುಡ್ಯೂವ್ರ ಎಲ್ಲಾರ್ದು."

"ದೊಡ್ಡ ವಕೀಲ ಆಗ್ಯಾನ್ರಿ," ಎಂದ ಓಬಳೆಪ್ಪ.

"ನೀವ ಬರಸಿದ್ದ ಬರದೀನಿ, ಓಬಳೆಪ್ಪನವ್ರ. ಹೊಸಾ ಮಾತು ಒಂದೂ ಸೇರಸಿಲ್ಲ, ಅದನ್ನ ಕನ್ನಡದಾಗೂ ಹೇಳೀನಿ. ನೀವು ತಗಡಿನ ಮ್ಯಾಲ ಬರಸಿದ್ರಿ, ನಾ ಗ್ವಾಡಿ ಮ್ಯಾಲ ಬರದೆ."

ಉಸ್ತಾದರು ಎದ್ದು ನಿಂತರು.

"ಕೆರೀಲಿಕ್ಕಂದ್ರ ನಾಳಿಂದ ಈ ಅಂಗಡಿಗೆ ಬರಬ್ಯಾಡ. ನನ್ನ ಕುಂಚ ಮುಟ್ಟಬ್ಯಾಡ."

ಈ ಮಾತು ಬರುತ್ತದೆ ಎಂದು ನನಗೆ ಗೊತ್ತಿತ್ತು. ಅಕ್ಷರ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಬೇರೆ ಏನೂ ಬೇಡ ಕೂಡ.

ಪಟ್ಟಿಯನ್ನು ತಿರುಗಿ ಅವರ ಅಂಗೈಯಲ್ಲೇ ಇಟ್ಟೆ.

"ನೀವ ಹೋಗಿ ಕೆರೀರಿ, ಉಸ್ತಾದ್. ಬಾಗ್ಲದ ಬುಡಕ ಕೂಸು ಮಲಗಿರ್ತಾವ. ಬಣ್ಣದ ಪುಡಿ ಮಕದ ಮ್ಯಾಲ ಬೀಳದಂಗ ನೋಡ್ಕೋರಿ."

ಅವರು ಪಟ್ಟಿಯನ್ನು ನೋಡುತ್ತ ನಿಂತರು.

"ಅವ ಹೋಗ್ಲಿ ಬಿಡ್ರಿ ಸಾಬ್ರ, ನೀವ ಬರ್ರಿ," ಎಂದ ಓಬಳೆಪ್ಪ, ಎದ್ದು ಪಂಚೆ ಕೊಡವಿದ.

"ಬರ್ತೀನಿ," ಅಂದರು ಉಸ್ತಾದರು. "ಚಹಾ ಕುಡದು ಬರ್ತೀನಿ." ಹಾಗೆಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಚಹಾ ತರಲು ಯಾರಿಗೂ ಹೇಳಲಿಲ್ಲ.

ನಾನು ಹೊರಗೆ ಬಂದು ತಗಡಿನ ಬಾಗಿಲನ್ನು ಇದ್ದಷ್ಟು ಬಲದಿಂದ ಎಳೆದು ಬಡಿದೆ. ಒಳಗೆ ಗೋಡೆಗೆ ಆನಿಸಿದ್ದ ಬೋರ್ಡುಗಳು ಒಂದರ ಮೇಲೊಂದು ಬಿದ್ದವು.